ಬಾಲ್ ಕೈಯಲ್ಲಿಲ್ಲದ 32 ನಿಮಿಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು "ಈ ಸಲ ಬಾಸ್ಕೆಟ್‌ಬಾಲ್ ಬಗ್ಗೆ ಕೇಳಿ" ಅಂತ ಬರೆದಿದ್ದೆವು. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದಲೇ ಜಾಸ್ತಿ ಬಂದಿವೆ. ಸುತ್ತಿ ಬಳಸಿ ಎಲ್ಲರ ತಕರಾರು ಒಂದೇ. ಮಕ್ಕಳ ಕೈಯಲ್ಲಿ ಆಟ ಇದೆ, ಆದರೆ ಮೇಲೆ ಬರುತ್ತಿಲ್ಲ, ತಪ್ಪು ಕೋಚ್‌ದಾ, ಮಕ್ಕಳದಾ? ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಊರು ಮಾತ್ರ ಇದೆ.

ಪ್ರಶ್ನೆ (ಪಿಯು ವಿದ್ಯಾರ್ಥಿ, ಬಳ್ಳಾರಿ): ಸರ್, ನಮ್ಮ ಕಾಲೇಜ್ ಟೀಮಲ್ಲಿ ಜಾಸ್ತಿ ಪಾಯಿಂಟ್ ಹೊಡೆಯೋದು ನಾನೇ. ಹೊಸ ಕೋಚ್ ಬಂದ ಮೇಲೆ ಎಲ್ಲಾ ಸಿಸ್ಟಮ್ ಪ್ರಕಾರ ಆಡಬೇಕು ಅಂತಾರೆ. ಎರಡು ಪಾಸ್ ಆಗೋ ಮುಂಚೆ ಶಾಟ್ ಹೊಡೆದರೆ ಹೊರಗೆ ಕೂರಿಸ್ತಾರೆ. ಸಿಸ್ಟಮ್ ಅನ್ನೋದು ಚೆನ್ನಾಗಿ ಆಡೋರನ್ನ ಕಟ್ಟಿ ಹಾಕೋಕಾ?

ತಮ್ಮಾ, ನಿನ್ನ ಸಿಟ್ಟು ಹೊಸದಲ್ಲ. ಮೈಕೆಲ್ ಜೋರ್ಡನ್‌ಗೂ ಇದೇ ಸಿಟ್ಟು ಬಂದಿತ್ತು.

1986-87ರ ಸೀಸನ್‌ನಲ್ಲಿ ಜೋರ್ಡನ್ ಮ್ಯಾಚಿಗೆ ಸರಾಸರಿ 37.1 ಪಾಯಿಂಟ್ ಹೊಡೆದ. ಆ ವರ್ಷ ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಅವನಷ್ಟು ಹೊಡೆದವರು ಇನ್ನೊಬ್ಬರಿಲ್ಲ. ಆದರೂ ಅವನ ಟೀಮ್ ಶಿಕಾಗೋ ಬುಲ್ಸ್, ಲೀಗ್ ಮುಗಿದ ಮೇಲಿನ ನಾಕೌಟ್ ಹಂತವಾದ ಪ್ಲೇಆಫ್‌ನ ಮೊದಲ ಸುತ್ತಲ್ಲೇ ಬೋಸ್ಟನ್ ಎದುರು ಮೂರಕ್ಕೆ ಮೂರೂ ಸೋತು ಮನೆಗೆ ಹೋಯಿತು. 1989ರಲ್ಲಿ ಫಿಲ್ ಜಾಕ್ಸನ್ ಹೆಡ್ ಕೋಚ್ ಆದರು. ಅವರ ಜೊತೆ ಟೆಕ್ಸ್ ವಿಂಟರ್ ಅನ್ನುವ ಹಿರಿಯ ಸಹಾಯಕ ಕೋಚ್ ಇದ್ದರು. 'ಟ್ರಯಾಂಗಲ್ ಅಫೆನ್ಸ್' ಅನ್ನುವ ಪದ್ಧತಿಯನ್ನು ದಶಕಗಳಿಂದ ಕಲಿಸಿಕೊಂಡು ಬಂದವರು ಅವರು. ಜೋರ್ಡನ್‌ಗೆ ಅದು ಮೊದಲು ಹಿಡಿಸಲಿಲ್ಲ. ಬಾಲ್ ತನ್ನ ಕೈ ಬಿಟ್ಟು ಹೋಗುತ್ತಲ್ಲ ಅನ್ನೋದೇ ಅವನ ಸಂಕಟ. 1990-91ರಲ್ಲಿ ಅವನ ಸರಾಸರಿ 31.5ಕ್ಕೆ ಇಳಿಯಿತು. ಬುಲ್ಸ್ ಮೊದಲ ಸಲ ಚಾಂಪಿಯನ್ ಆಯಿತು. 1998ರೊಳಗೆ ಇನ್ನೂ ಐದು ಸಲ ಗೆದ್ದರು.

ಆ ಮೊದಲ ಫೈನಲ್‌ನ ಕೊನೇ ಮ್ಯಾಚ್ ಸಿಕ್ಕರೆ ನೋಡು. ಎದುರಾಳಿ ಟೀಮ್ ಲೇಕರ್ಸ್‌ನವರು ಜೋರ್ಡನ್ ಮೇಲೆ ಇಬ್ಬಿಬ್ಬರು ಬೀಳುತ್ತಿದ್ದರು. ಅವನು ಜಾನ್ ಪ್ಯಾಕ್ಸನ್‌ಗೆ ಪಾಸ್ ಕೊಡುತ್ತಾ ಹೋದ. ಪ್ಯಾಕ್ಸನ್ ದೊಡ್ಡ ಸ್ಟಾರ್ ಏನಲ್ಲ, ಆದರೆ ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದ, ಕೊನೆಯ ನಿಮಿಷಗಳಲ್ಲಿ ಹೊಡೆದು ಹಾಕಿದ. 1997ರ ಫೈನಲ್‌ನಲ್ಲೂ ಅಷ್ಟೇ. ಕೊನೇ ಕ್ಷಣದಲ್ಲಿ ಯೂಟಾ ಟೀಮಿನ ಇಬ್ಬರು ಜೋರ್ಡನ್ ಮೇಲೆ ಬಂದರು, ಬಾಲ್ ಸ್ಟೀವ್ ಕರ್‌ಗೆ ಹೋಯಿತು, ಆ ಶಾಟ್ ಬಿತ್ತು, ಕಪ್ ಬಂತು. ಅದೇ ಸ್ಟೀವ್ ಕರ್ 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಕೋಚ್ ಆದರು. ಅವರ ಕೈಕೆಳಗೆ ಆ ಟೀಮ್ ನಾಲ್ಕು ಸಲ ಚಾಂಪಿಯನ್ ಆಗಿದೆ. ಬಾಲ್ ತನ್ನ ಕೈಯಲ್ಲಿಲ್ಲದಾಗ ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದ ಆಟಗಾರ ಅವರು. ಅದನ್ನೇ ಇನ್ನೊಬ್ಬರಿಗೆ ಕಲಿಸಿದರು ಅನ್ನೋದು ನನಗೆ ಬಹಳ ಇಷ್ಟ.

ಟ್ರಯಾಂಗಲ್ ಅಂದರೆ ಏನು ಮಹಾ ಗುಟ್ಟಲ್ಲ. ಕೋರ್ಟಿನ ಒಂದು ಬದಿಯಲ್ಲಿ ಮೂವರು ತ್ರಿಕೋನದ ಹಾಗೆ ನಿಲ್ಲುತ್ತಾರೆ: ಒಬ್ಬ ಮೂಲೆಯಲ್ಲಿ, ಒಬ್ಬ ಪಕ್ಕದಲ್ಲಿ, ಒಬ್ಬ ರಿಂಗಿನ ಹತ್ತಿರ. ಉಳಿದ ಇಬ್ಬರು ಆ ಕಡೆ. ಒಬ್ಬರಿಂದ ಒಬ್ಬರಿಗೆ ಸುಮಾರು ಐದು ಮೀಟರ್ ದೂರ. ಇಂಥವನಿಗೇ ಪಾಸ್ ಮಾಡು, ಇಲ್ಲೇ ಶಾಟ್ ಹೊಡಿ ಅಂತ ಕೋಚ್ ಹೇಳುವುದಿಲ್ಲ. ಎದುರಾಳಿ ಮುಂದೆ ಬಂದರೆ ಹಿಂದಿನಿಂದ ಕಟ್ ಮಾಡು (ರಿಂಗಿನ ಕಡೆ ಚುರುಕಾಗಿ ಓಡು), ಹಿಂದೆ ಸರಿದರೆ ಶಾಟ್ ತಗೋ, ಇಬ್ಬರು ಬಂದರೆ ಯಾರನ್ನೋ ಬಿಟ್ಟು ಬಂದಿದ್ದಾರೆ ಅಂತ ಅರ್ಥ, ಅವನನ್ನು ಹುಡುಕು. ಒಳ್ಳೆ ಸಿಸ್ಟಮ್ ಆಟಗಾರನ ಬದಲಿಗೆ ತಾನು ಯೋಚನೆ ಮಾಡುವುದಿಲ್ಲ. ಎಲ್ಲಿ ನೋಡಬೇಕು ಅಂತ ತೋರಿಸಿಕೊಡುತ್ತದೆ, ತೀರ್ಮಾನ ನಿನ್ನದೇ.

ಈಗ ಒಂದು ಲೆಕ್ಕ ಹಾಕು. ಮ್ಯಾಚ್ 40 ನಿಮಿಷ. ಅರ್ಧ ಹೊತ್ತು ಬಾಲ್ ಎದುರಾಳಿ ಹತ್ತಿರ. ಉಳಿದ 20 ನಿಮಿಷವನ್ನು ಐದು ಜನಕ್ಕೆ ಹಂಚಿದರೆ ನಿನಗೆ ನಾಲ್ಕು. ನೀನು ಸ್ಟಾರ್, ಡಬಲ್ ಮಾಡೋಣ, ಎಂಟು. ಬಾಕಿ 32 ನಿಮಿಷ ಕೈಯಲ್ಲಿ ಬಾಲ್ ಇಲ್ಲದೆ ಏನು ಮಾಡುತ್ತೀಯ? ಸೊಂಟದ ಮೇಲೆ ಕೈ ಇಟ್ಟು ನಿಂತು "ಪಾಸ್ ಪಾಸ್" ಅಂತ ಕೂಗುತ್ತೀಯಾ? ಕಾಲೇಜ್ ಮಟ್ಟದಲ್ಲಿ ಹಾಗೆ ಮಾಡಿದರೂ ನಡೆಯುತ್ತದೆ, ಯಾಕಂದರೆ ಎದುರಿಗಿರೋರು ನಿನಗಿಂತ ನಿಧಾನ. ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್‌ಗೆ ಹೋದಾಗ ನಿನ್ನಷ್ಟೇ ಹೊಡೆಯುವವರು ಸಾಲು ಹಿಡಿದು ನಿಂತಿರುತ್ತಾರೆ. ಅಲ್ಲಿ ಸೆಲೆಕ್ಟರ್ ನೋಡುವುದು ಈ 32 ನಿಮಿಷವನ್ನೇ.

ಹಾಗಂತ ನಿಮ್ಮ ಕೋಚ್ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಎರಡು ಪಾಸ್ ನಿಯಮ ಪ್ರಾಕ್ಟೀಸಿನಲ್ಲಿ ಚೆನ್ನಾಗಿದೆ. ಮ್ಯಾಚಿನಲ್ಲಿ ಕಣ್ಣು ಮುಚ್ಚಿಕೊಂಡು ಪಾಲಿಸಿದರೆ ದಡ್ಡತನ. ಅವರನ್ನು ಮರ್ಯಾದೆಯಿಂದ ಒಂದು ಮಾತು ಕೇಳು: "ಸರ್, ಫಾಸ್ಟ್ ಬ್ರೇಕಲ್ಲಿ ರಿಂಗ್ ಖಾಲಿ ಸಿಕ್ಕರೂ ಪಾಸ್ ಮಾಡಬೇಕಾ?" "ಇಲ್ಲಪ್ಪ, ಹೊಡಿ, ಖಾಲಿ ಜಾಗ ಹುಡುಕೋದನ್ನ ಕಲೀಲಿ ಅಂತಲೇ ಈ ನಿಯಮ" ಅಂದರೆ ಅವರ ಹತ್ತಿರ ಸಿಸ್ಟಮ್ ಇದೆ, ಬಿಡಬೇಡ. "ಹೇಳಿದಷ್ಟು ಮಾಡು" ಅಂದರೆ ಅವರ ಹತ್ತಿರ ಇರೋದು ಬರೀ ನಿಯಮ. ಆಗಲೂ ಒಂದು ಸೀಸನ್ ಪಾಸ್ ಮಾಡೋದು ಕಲಿತರೆ ನಿನಗೇನೂ ನಷ್ಟ ಇಲ್ಲ.

ಪ್ರಶ್ನೆ (ಹೈಸ್ಕೂಲ್ ಹುಡುಗ, ಸಿಂಧನೂರು): ಅಣ್ಣಾ, ನನ್ನ ಹೈಟ್ ಐದು ಅಡಿ ನಾಲ್ಕು ಇಂಚು. ಬಾಸ್ಕೆಟ್‌ಬಾಲ್ ಬಿಟ್ಟುಬಿಡಲಾ?

ಮಗ್ಸಿ ಬೋಗ್ಸ್ ಅನ್ನುವವರ ಎತ್ತರ ಐದು ಅಡಿ ಮೂರು ಇಂಚು. ಎನ್‌ಬಿಎಯಲ್ಲಿ 14 ಸೀಸನ್ ಆಡಿದರು. ನೀನು ಅವರಿಗಿಂತ ಒಂದು ಇಂಚು ಜಾಸ್ತಿಯೇ ಇದ್ದೀಯ. ಡ್ರಿಬ್ಲಿಂಗ್‌ನಲ್ಲಿ ಎಡಗೈಯನ್ನು ಬಲಗೈ ಸಮ ಮಾಡಿಕೋ, ಆಮೇಲೆ ಇನ್ನೊಂದು ಪತ್ರ ಬರಿ.

ಪ್ರಶ್ನೆ (ದೈಹಿಕ ಶಿಕ್ಷಕರು, ರಾಯಚೂರು ಜಿಲ್ಲೆ): ಸಿಸ್ಟಮ್, ಅಕಾಡೆಮಿ ಅಂತೆಲ್ಲ ಓದೋಕೆ ಚೆಂದ. ನಮ್ಮ ಶಾಲೆಯಲ್ಲಿ ಒಂದು ಸಿಮೆಂಟ್ ಕೋರ್ಟ್, ಎರಡು ರಿಂಗ್, ಆರು ಬಾಲ್, 40 ಮಕ್ಕಳು. ನನಗೆ ಸಿಗೋದು ಬೆಳಿಗ್ಗೆ ಒಂದು ಗಂಟೆ. ನಾನೇ ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲಾ ನೋಡಬೇಕು. ಇದರಲ್ಲಿ ಏನು ಸಿಸ್ಟಮ್ ಮಾಡಲಿ?

ಮಾಸ್ತರೇ, ಬಂದ ಪತ್ರಗಳಲ್ಲೆಲ್ಲ ಬಹಳ ಮುಖ್ಯವಾದದ್ದು ನಿಮ್ಮದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಮ್ಮ ಶಾಲೆಗಳಲ್ಲೆಲ್ಲ ನಡೆಯುವ ಲೇಅಪ್ ಲೈನ್ ಬಗ್ಗೆ. ಎರಡು ಸಾಲು, ಸಾಲಿಗೆ 20 ಮಕ್ಕಳು, ಒಬ್ಬೊಬ್ಬರಾಗಿ ಓಡಿ ಬಂದು ರಿಂಗಿಗೆ ಹಾಕುವುದು. ಒಂದು ಮಗುವಿಗೆ ಐದು ಸೆಕೆಂಡ್ ಅಂದರೆ ಮತ್ತೆ ಸರದಿ ಬರೋಕೆ 100 ಸೆಕೆಂಡ್. ಇಪ್ಪತ್ತು ನಿಮಿಷಕ್ಕೆ ಹನ್ನೆರಡು ಸಲ. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಂತು ಪಕ್ಕದವನನ್ನು ಚಿವುಟುವುದು. ಅದರ ಮೇಲೆ, ಎದುರಿಗೆ ಕಾಯುವವರೇ ಇಲ್ಲದೆ ಹಾಕುವ ಲೇಅಪ್ ಮ್ಯಾಚಿನಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ? ನೋಡೋಕೆ ಶಿಸ್ತಾಗಿ ಕಾಣುತ್ತದೆ, ಅದಕ್ಕೇ ಹೆಡ್‌ಮಾಸ್ಟರಿಗೆ ಇಷ್ಟ. ಕಲಿಕೆ ಮಾತ್ರ ಕಡಿಮೆ.

ಅದರ ಬದಲು 40 ಜನರನ್ನು ಎಂಟೆಂಟರ ಐದು ಗುಂಪು ಮಾಡಿ. ಎರಡು ಗುಂಪು ಎರಡು ರಿಂಗಿನ ಹತ್ತಿರ ತ್ರೀ ಆನ್ ತ್ರೀ ಆಡಲಿ. ಆರು ಜನ ಆಡುತ್ತಾರೆ, ಇಬ್ಬರು ಹೊರಗೆ, ಪ್ರತಿ ಬಾಸ್ಕೆಟ್‌ಗೆ ಬದಲಿ. ಮೂರನೇ ಗುಂಪು ಡ್ರಿಬ್ಲಿಂಗ್. ಇದಕ್ಕೆ ಒಳ್ಳೆ ಬಾಲೇ ಬೇಕು ಅಂತಿಲ್ಲ, ಪುಟಿಯುವ ಹಳೇ ಬಾಲ್ ಯಾವುದಾದರೂ ಆಗುತ್ತೆ. ನಾಲ್ಕನೇ ಗುಂಪು ಪಾಸ್ ಮತ್ತು ಪಿವಟ್ (ಒಂದು ಕಾಲು ಊರಿ ತಿರುಗುವುದು). ಐದನೆಯದು ಬಾಲ್ ಇಲ್ಲದೆ ಡಿಫೆನ್ಸ್ ಸ್ಲೈಡ್ (ಎದುರಾಳಿಯನ್ನು ತಡೆಯೋಕೆ ಅಕ್ಕಪಕ್ಕ ಸರಿಯುವುದು) ಮಾಡಿ, ನೀರು ಕುಡಿದು, ರಿಂಗಿನ ಹತ್ತಿರದ ಆಟದ ಸ್ಕೋರ್ ಬರೆಯಲಿ. ಎಂಟು ನಿಮಿಷಕ್ಕೊಮ್ಮೆ ವಿಸಿಲ್ ಹೊಡೆದು ಗುಂಪು ತಿರುಗಿಸಿ. 40 ನಿಮಿಷದಲ್ಲಿ ಎಲ್ಲರೂ ಎಲ್ಲಾ ಮಾಡಿರುತ್ತಾರೆ. ಮೊದಲ ಹತ್ತು ನಿಮಿಷ ವಾರ್ಮ್‌ಅಪ್, ಕೊನೇ ಹತ್ತು ನಿಮಿಷ ಮಾತು ಮತ್ತು ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬರದ ಶಾಟ್). ನಿಮ್ಮ ಒಂದು ಗಂಟೆ ಮುಗಿಯಿತು.

ಮೂರು ಜನರ ಆಟ ಅಂತ ತಾತ್ಸಾರ ಮಾಡಬೇಡಿ. ಟೋಕಿಯೋ ಒಲಿಂಪಿಕ್ಸ್‌ನಿಂದ ಅದೂ ಪದಕದ ಆಟವೇ. ಒಂದೇ ರಿಂಗ್, 10 ನಿಮಿಷ, ಇಲ್ಲಾ 21 ಪಾಯಿಂಟ್, ಶಾಟ್ ಹೊಡೆಯೋಕೆ 12 ಸೆಕೆಂಡ್. ನಮಗೆ ಅದರಿಂದ ಆಗುವ ಲಾಭ ಬೇರೆ. ಐದೈದು ಜನರ ಆಟದಲ್ಲಿ ಅಂಜುಬುರುಕ ಮಗು ಮೂಲೆ ಸೇರಿಕೊಂಡು ಇಡೀ ಮ್ಯಾಚ್ ಕಳೆದುಬಿಡುತ್ತದೆ. ಮೂವರ ಆಟದಲ್ಲಿ ಅಡಗಿಕೊಳ್ಳೋಕೆ ಜಾಗವೇ ಇಲ್ಲ, ಬಾಲ್ ಬಂದೇ ಬರುತ್ತದೆ.

ಇಲ್ಲಿಂದ ನಿಮ್ಮ ನಿಜವಾದ ಕೆಲಸ ಶುರು. ಆಟಕ್ಕೆ ಒಂದು ಸಣ್ಣ ನಿಯಮ ಸೇರಿಸಿ, ಅದೇ ಪಾಠ ಹೇಳಿಕೊಡುತ್ತದೆ. ಈ ವಾರ ಡ್ರಿಬ್ಲ್ ಇಲ್ಲ ಅನ್ನಿ. ಬಾಲ್ ಹಿಡಿದವನು ನಡೆಯೋ ಹಾಗಿಲ್ಲ, ಉಳಿದ ಇಬ್ಬರು ಓಡಲೇಬೇಕು, ಕಟ್ ಮಾಡುವುದನ್ನು ನೀವು ಬಾಯಲ್ಲಿ ಹೇಳುವುದೇ ಬೇಡ. ಮುಂದಿನ ವಾರ ಎಡಗೈ ಲೇಅಪ್‌ಗೆ ಮೂರು ಪಾಯಿಂಟ್ ಅನ್ನಿ. ಅದರ ಮುಂದಿನ ವಾರ ಪಾಸ್ ಕೊಟ್ಟು ನಿಂತಲ್ಲೇ ನಿಂತರೆ ಬಾಲ್ ಎದುರಾಳಿಗೆ. ಮಧ್ಯದಲ್ಲಿ ಆಟ ನಿಲ್ಲಿಸಿ ಭಾಷಣ ಬೇಡ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ನೀನು ಪಾಸ್ ಕೊಟ್ಟಾಗ ನಿನ್ನನ್ನ ಕಾಯ್ತಿದ್ದವನು ಯಾವ ಕಡೆ ನೋಡ್ತಿದ್ದ?" ಮೊದಲ ವಾರ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ನೋಡುವುದು ಅಭ್ಯಾಸ ಆಗುತ್ತದೆ.

ಇನ್ನೊಂದು, ನೋಟ್‌ಬುಕ್. ಮಗುವಿಗೆ ಒಂದು ಪುಟ. ತಿಂಗಳಿಗೆ ಒಂದೇ ವಿಷಯ ಬರೆಯಿರಿ: "ಎಡಗೈ", "ನಿಂತ ಮೇಲೆ ಶಾಟ್", "ರಿಬೌಂಡ್‌ಗೆ ಬೆನ್ನು ಕೊಡುವುದು" (ಶಾಟ್ ತಪ್ಪಿ ಪುಟಿದು ಬರುವ ಬಾಲ್ ಹಿಡಿಯೋಕೆ ಎದುರಾಳಿಯನ್ನು ಬೆನ್ನಿನಿಂದ ತಡೆಯುವುದು). ಆ ಮಗುವಿಗೂ ಅದು ಗೊತ್ತಿರಲಿ. ದೊಡ್ಡ ಅಕಾಡೆಮಿಗಳಲ್ಲಿ ವಿಡಿಯೋ, ಕಂಪ್ಯೂಟರ್ ಇಟ್ಟುಕೊಂಡು ಮಾಡುವುದೂ ಕೊನೆಗೆ ಇದನ್ನೇ: ಈ ಮಗು ಮುಂದೆ ಏನು ಕಲಿಯಬೇಕು ಅಂತ ಯಾರಿಗಾದರೂ ಗೊತ್ತಿರುವುದು. ನಾಳೆ ನಿಮಗೆ ವರ್ಗಾವಣೆ ಆದರೂ ನೋಟ್‌ಬುಕ್ ಶಾಲೆಯಲ್ಲೇ ಇರುತ್ತದೆ, ಮುಂದೆ ಬರುವವರು ಮತ್ತೆ ಅ ಆ ಇ ಈಯಿಂದ ಶುರು ಮಾಡುವ ಕಷ್ಟ ಇಲ್ಲ.

ರಾಯಚೂರಿನ ಬಿಸಿಲು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಾರ್ಚ್ ಬಂದರೆ ಆರು ಗಂಟೆಗೇ ಶುರು ಮಾಡಿ ಏಳೂವರೆಯೊಳಗೆ ಮುಗಿಸಿ. ಬಾಯಾರಿದೆ ಅಂದಾಗ ಮಾತ್ರ ನೀರು ಅನ್ನುವುದು ಹಳೇ ಕಾಲದ ಮಾತು, ಪ್ರತಿ ವಿಸಿಲ್‌ಗೂ ಕುಡಿಸಿ. ಸಿಮೆಂಟ್ ಮೇಲೆ ಜಿಗಿತದ ಡ್ರಿಲ್ ದಿನಾ ಬೇಡ, ಮೊಣಕಾಲು ಕೇಳುವುದಿಲ್ಲ.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ಟೀಮ್ ಮಾಡುವಾಗ ಒಂದು ಎಚ್ಚರಿಕೆ. 14 ವರ್ಷದೊಳಗಿನವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು ಎಷ್ಟೋ ಸಲ ಬೇಗ ಬೆಳೆದವನು ಅಷ್ಟೇ. ಮೀಸೆ ಮೊದಲು ಬಂದವನು. 17ರ ಗುಂಪಿಗೆ ಬರುವಾಗ ಉಳಿದವರೂ ಬೆಳೆದಿರುತ್ತಾರೆ. ಅವತ್ತು ಕುಳ್ಳ ಅಂತ ಬೆಂಚಿನಲ್ಲಿ ಕೂರಿಸಿದವನು ಅಷ್ಟರಲ್ಲಿ ಆಟ ಬಿಟ್ಟು ಹೋಗಿರುತ್ತಾನೆ.

ಪ್ರಶ್ನೆ (ಒಬ್ಬ ತಾಯಿ, ಗಂಗಾವತಿ): ನನ್ನ ಮಗಳಿಗೆ 11 ವರ್ಷ, ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ. ಕೋಚ್ ಅವಳನ್ನು ರಿಂಗಿನ ಕೆಳಗೇ ನಿಲ್ಲಿಸುತ್ತಾರೆ. "ನೀನು ಡ್ರಿಬ್ಲ್ ಮಾಡೋದು ಬೇಡ, ಬಾಲ್ ಬಂದರೆ ಹಾಕು" ಅಂತಾರಂತೆ. ಅವಳಿಗೆ ಬೇಜಾರು.

ಅಕ್ಕಾ, ಅವಳ ಬೇಜಾರು ನ್ಯಾಯವೇ. ಹನ್ನೊಂದಕ್ಕೆ ಎತ್ತರ ಇದ್ದವಳು ಹದಿನೇಳಕ್ಕೂ ಎಲ್ಲರಿಗಿಂತ ಎತ್ತರ ಇರುತ್ತಾಳೆ ಅಂತ ಏನು ಗ್ಯಾರಂಟಿ? ಆಗ ರಿಂಗಿನ ಕೆಳಗೆ ನಿಲ್ಲೋಕೆ ಎತ್ತರ ಸಾಲಲ್ಲ, ಹೊರಗೆ ಆಡೋಕೆ ಡ್ರಿಬ್ಲಿಂಗ್ ಬರಲ್ಲ. ಎರಡೂ ಕಡೆ ಇಲ್ಲ.

ಇದರ ಉಲ್ಟಾ ಕಥೆಯೂ ಇದೆ. ಆಂಥೊನಿ ಡೇವಿಸ್ ಹೈಸ್ಕೂಲಲ್ಲಿ ಗಾರ್ಡ್ ಆಗಿ ಆಡುತ್ತಿದ್ದ ಹುಡುಗ, ಅಂದರೆ ಬಾಲ್ ತರುವ, ಪಾಸ್ ಕೊಡುವ ಜಾಗ. ಅಲ್ಲಿದ್ದಾಗಲೇ ಸುಮಾರು ಎಂಟು ಇಂಚು ಬೆಳೆದುಬಿಟ್ಟ. ದೈತ್ಯನ ಮೈಯಲ್ಲಿ ಗಾರ್ಡ್‌ನ ಕೈ ಉಳಿಯಿತು. 2012ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲನೇ ಆಯ್ಕೆ ಅವನೇ. (ಟೀಮ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ.) ಈ ವಯಸ್ಸಿನಲ್ಲಿ ಎಲ್ಲಾ ಮಕ್ಕಳೂ ಎಲ್ಲಾ ಜಾಗದಲ್ಲೂ ಆಡಬೇಕು ಅನ್ನುವುದು ಇದಕ್ಕೇ. ಮಿನಿ ಬಾಸ್ಕೆಟ್‌ಬಾಲ್ ಅಂತಲೇ ಚಿಕ್ಕವರ ಆಟ ಒಂದಿದೆ. ಅದರಲ್ಲಿ ರಿಂಗ್ 3.05 ಮೀಟರ್ ಬದಲು 2.60 ಮೀಟರ್ ಎತ್ತರದಲ್ಲಿರುತ್ತದೆ, ಬಾಲ್ 5ನೇ ಸೈಜ್. ನಿಮ್ಮ ಊರಲ್ಲಿ ತಗ್ಗಿನ ರಿಂಗ್ ಸಿಗಲಿಕ್ಕಿಲ್ಲ, 5ನೇ ಸೈಜ್ ಬಾಲ್ ಕೊಡಿಸಿ, ಮನೆ ಮುಂದೆ ಡ್ರಿಬ್ಲ್ ಮಾಡಲಿ. ಕೋಚ್ ಜೊತೆ ಜಗಳ ಬೇಡ. "ಮ್ಯಾಚಿನಲ್ಲಿ ನಿಮಗೆ ಬೇಕಾದಲ್ಲಿ ನಿಲ್ಲಿಸಿ ಸರ್, ಪ್ರಾಕ್ಟೀಸಿನಲ್ಲಿ ಎಲ್ಲಾ ಕಲಿಸಿ" ಅಂತ ಕೇಳಿ, ಬಹಳ ಜನ ಒಪ್ಪುತ್ತಾರೆ.

ಬೆಳೆಯುವ ವಯಸ್ಸಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಅಂದರೆ ನಾಟಕ ಅಂದುಕೊಳ್ಳಬೇಡಿ. ಆಟ ಕಡಿಮೆ ಮಾಡಿಸಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಕಾಲೇಜ್ ಟೀಮಿನ ಹಳೇ ಆಟಗಾರ, ಈಗ ಹುಡುಗರಿಗೆ ಕಲಿಸುವವರು, ಕೊಪ್ಪಳ): ನಮ್ಮಲ್ಲಿ ಒಬ್ಬ ಹುಡುಗ ದಪ್ಪ, ಓಡೋದು ನಿಧಾನ, ಜಿಗಿತವೂ ಇಲ್ಲ. ಆದರೆ ಅವನು ಕೊಡುವ ಪಾಸ್ ನೋಡಿದರೆ ಆಶ್ಚರ್ಯ ಆಗುತ್ತೆ. ನಮ್ಮದು ಓಡುವ ಆಟ. ಅವನನ್ನು ಎಲ್ಲಿ ಹಾಕಲಿ?

ನಿಮ್ಮ ಹತ್ತಿರ ಸಣ್ಣ ಯೋಕಿಚ್ ಇದ್ದಾನೆ, ಬಿಟ್ಟುಕೊಡಬೇಡಿ. ಸರ್ಬಿಯಾದ ನಿಕೋಲಾ ಯೋಕಿಚ್ ಅವರನ್ನು ಡೆನ್ವರ್ ಟೀಮ್ 2014ರ ಡ್ರಾಫ್ಟ್‌ನಲ್ಲಿ ತಗೊಂಡಿದ್ದು 41ನೇ ಆಯ್ಕೆಯಾಗಿ. ನಿಧಾನ, ಮೈ ದಪ್ಪ, ಜಿಗಿತ ಅಷ್ಟಕ್ಕಷ್ಟೆ. 2016ರ ಡಿಸೆಂಬರ್‌ನಲ್ಲಿ ಕೋಚ್ ಮೈಕ್ ಮಲೋನ್ ಟೀಮಿನ ಆಟವನ್ನೇ ಅವರ ಸುತ್ತ ತಿರುಗಿಸಿದರು. ಬಾಲ್ ಮೊದಲು ಯೋಕಿಚ್‌ಗೆ, ಉಳಿದವರು ಅವರ ಸುತ್ತ ಕಟ್ ಮಾಡಬೇಕು. ಆಮೇಲೆ 2021, 2022, 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ, 2023ರಲ್ಲಿ ಡೆನ್ವರ್‌ಗೆ ಮೊದಲ ಕಪ್. ಅದೇ ಮನುಷ್ಯನನ್ನು ಬರೀ ಓಡುವ, ಜಿಗಿಯುವ ಟೀಮಿನಲ್ಲಿ ಹಾಕಿದ್ದರೆ ಬೆಂಚಿನ ಮೂಲೆಯಲ್ಲಿ ಕೂತಿರುತ್ತಿದ್ದರೋ ಏನೋ.

ನಿಮ್ಮ ಹುಡುಗನನ್ನು ಫ್ರೀ ಥ್ರೋ ಗೆರೆಯ ಹತ್ತಿರ ನಿಲ್ಲಿಸಿ. ಬಾಲ್ ಅವನಿಗೆ ಕೊಟ್ಟ ಮೇಲೆ ಉಳಿದ ನಾಲ್ವರು ನಿಲ್ಲುವ ಹಾಗಿಲ್ಲ. ಓಡುವವರಿಗೆ ಓಡುವ ಕೆಲಸ, ನೋಡುವವನಿಗೆ ನೋಡುವ ಕೆಲಸ. ಡಿಫೆನ್ಸ್‌ನಲ್ಲಿ ಅವನಿಂದ ತೊಂದರೆ ಆಗುತ್ತೆ, ಅದನ್ನು ಮುಚ್ಚೋಕೆ ಝೋನ್ ಕಟ್ಟಿ, ಅಂದರೆ ಒಬ್ಬೊಬ್ಬರು ಒಬ್ಬ ಎದುರಾಳಿಯನ್ನಲ್ಲ, ಒಂದೊಂದು ಜಾಗವನ್ನು ಕಾಯಲಿ. ಹಾಗೇ ಅವನ ತೂಕದ ಬಗ್ಗೆ ಎಲ್ಲರ ಮುಂದೆ ಜೋಕ್ ಮಾಡುವ ಚಾಳಿ ಟೀಮಿನಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ): ನಮ್ಮ ಕಡೆ ಕೋಚ್ ಇಲ್ಲ. ರೀಲ್ಸ್, ಯೂಟ್ಯೂಬ್ ನೋಡಿ ಕಲೀತಿದ್ದೀನಿ. ತ್ರೀ ಪಾಯಿಂಟ್ ಶಾಟ್ ಕೂತ್ಕೊಳ್ತಾ ಇಲ್ಲ.

ರೀಲ್ಸ್ ಅಂದರೆ ಮಂಡಕ್ಕಿ ಇಲ್ಲದೆ ಬರೀ ಒಗ್ಗರಣೆ ತಿಂದ ಹಾಗೆ ತಂಗಿ. ಘಮ ಘಮ ಅನ್ನುತ್ತೆ, ಹೊಟ್ಟೆ ತುಂಬಲ್ಲ. ಮೂರು ಪಾಯಿಂಟ್ ಸಿಗುವ 6.75 ಮೀಟರ್ ಗೆರೆಯಿಂದ ಬಲ ಸಾಲದೆ ಎಸೆದರೆ ಬರುವ ಅಭ್ಯಾಸ ಕೆಟ್ಟದ್ದೇ. ಸ್ಟೀಫನ್ ಕರಿ ಇವತ್ತು ಎಲ್ಲೆಲ್ಲಿಂದಲೋ ಹೊಡೆಯುತ್ತಾನೆ ಅಲ್ವಾ? ಹೈಸ್ಕೂಲಲ್ಲಿ ಅವನೂ ಬಾಲನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದ. ಅವನ ಅಪ್ಪ ಡೆಲ್, ಅವರೂ ಎನ್‌ಬಿಎ ಆಡಿದವರು, ಒಂದು ಬೇಸಿಗೆ ಪೂರ್ತಿ ಕೂತು ಶಾಟ್ ಬದಲಿಸಿದರು. ಸುಮಾರು ದಿನ ಅವನಿಗೆ ದೂರದಿಂದ ಹೊಡೆಯೋಕೇ ಆಗುತ್ತಿರಲಿಲ್ಲವಂತೆ, ಬರೀ ರಿಂಗಿನ ಹತ್ತಿರ. ಅಷ್ಟು ಬೇಸರದ ಕೆಲಸವನ್ನು ಯಾವ ರೀಲ್ಸ್‌ನಲ್ಲೂ ಹಾಕುವುದಿಲ್ಲ.

ಎನ್‌ಬಿಎಗೆ ಹೋದ ಮೇಲೂ ತಿದ್ದುವವರು ಬೇಕು. ಸ್ಯಾನ್ ಆಂಟೋನಿಯೋ ಸ್ಪರ್ಸ್ ಟೀಮ್ ಶೂಟಿಂಗ್‌ಗೆ ಅಂತಲೇ ಚಿಪ್ ಎಂಗೆಲ್ಯಾಂಡ್ ಅನ್ನುವ ಕೋಚನ್ನು ಇಟ್ಟುಕೊಂಡಿತ್ತು. ಟೋನಿ ಪಾರ್ಕರ್, ಕವಾಯ್ ಲೆನರ್ಡ್ ಶಾಟ್ ತಿದ್ದಿದವರು ಅವರು. ಕಾರ್ಲ್ ಮಲೋನ್ ಅನ್ನುವ ಆಟಗಾರ ಮೊದಲ ಸೀಸನ್‌ನಲ್ಲಿ ನೂರು ಫ್ರೀ ಥ್ರೋಗೆ 48 ಹಾಕುತ್ತಿದ್ದರು, ನಿವೃತ್ತಿ ಆಗುವಾಗ ಇಡೀ ವೃತ್ತಿಯ ಸರಾಸರಿ 74ಕ್ಕೆ ಬಂದಿತ್ತು. ಕೈಗುಣ ಹುಟ್ಟಿನಿಂದಲೇ ಬರಬೇಕು ಅನ್ನುವವರಿಗೆ ಈ ಲೆಕ್ಕ ತೋರಿಸು.

ನೀನು ಹೀಗೆ ಮಾಡು. ಫೋನನ್ನು ಪಕ್ಕಕ್ಕೆ ನಿಲ್ಲಿಸಿ ನಿನ್ನದೇ ವಿಡಿಯೋ ಮಾಡು. ರಿಂಗಿನಿಂದ ಎರಡು ಹೆಜ್ಜೆ ದೂರದಲ್ಲಿ ಒಂದೇ ಕೈಯಲ್ಲಿ ಹಾಕು, ಇನ್ನೊಂದು ಕೈ ಬರೀ ಆಸರೆಗೆ. ಮೊಣಕೈ ಹೊರಗೆ ಹೋಗುತ್ತಿದೆಯಾ, ಕೊನೆಗೆ ಮಣಿಕಟ್ಟು ಬಾಗುತ್ತಿದೆಯಾ ನೋಡು. ಹತ್ತಕ್ಕೆ ಎಂಟು ಬಿದ್ದರೆ ಒಂದು ಹೆಜ್ಜೆ ಹಿಂದೆ. ಬೀಳದಿದ್ದರೆ ಅಲ್ಲೇ ನಿಲ್ಲು. ಮತ್ತೆ, ಹುಡುಗಿಯರು ಆಡುವುದು 6ನೇ ಸೈಜ್ ಬಾಲಿನಲ್ಲಿ. ಹುಡುಗರ 7ನೇ ಸೈಜ್ ಬಾಲಿನಲ್ಲಿ ಕಲಿಯುತ್ತಿದ್ದರೆ ಮೊದಲು ಅದನ್ನು ಬದಲಿಸು, ಅರ್ಧ ಸಮಸ್ಯೆ ಅಲ್ಲೇ ಇರಬಹುದು.

ಪ್ರಶ್ನೆ (ಒಬ್ಬ ತಂದೆ, ಬಳ್ಳಾರಿ): ಮಗನ ಕೋಚ್ ಮ್ಯಾಚ್ ಪೂರ್ತಿ ಕಿರುಚುತ್ತಾ ಇರುತ್ತಾರೆ. ಶಿಸ್ತಿಗೆ ಅದು ಬೇಕು ಅಂತಾರೆ ಕೆಲವರು. ನಿಮ್ಮ ಅಭಿಪ್ರಾಯ?

ಯುಸಿಎಲ್‌ಎ ಯೂನಿವರ್ಸಿಟಿಯ ಜಾನ್ ವುಡನ್ 12 ವರ್ಷದಲ್ಲಿ 10 ಸಲ ಅಮೆರಿಕದ ಕಾಲೇಜ್ ಚಾಂಪಿಯನ್‌ಶಿಪ್ ಗೆದ್ದ ಕೋಚ್. ಅವರು ಹೇಗೆ ಕಲಿಸುತ್ತಾರೆ ಅಂತ ನೋಡೋಕೆ ಥಾರ್ಪ್ ಮತ್ತು ಗ್ಯಾಲಿಮೋರ್ ಅನ್ನುವ ಇಬ್ಬರು ಸಂಶೋಧಕರು 1974-75ರ ಸೀಸನ್‌ನಲ್ಲಿ ಅವರ ಪ್ರಾಕ್ಟೀಸಿಗೆ ಹೋಗಿ ಕೂತು, ಅವರ ಬಾಯಿಂದ ಬಂದ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡರು. ಹೊಗಳಿಕೆ ಕಡಿಮೆ, ಬೈಗುಳವೂ ಕಡಿಮೆ. ಹೆಚ್ಚಿನದೆಲ್ಲ ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನುವ ಚಿಕ್ಕ ಚಿಕ್ಕ ಮಾತು. ಸೀಸನ್ ಶುರುವಲ್ಲಿ ಅವರು ದೊಡ್ಡ ದೊಡ್ಡ ಆಟಗಾರರಿಗೂ ಸಾಕ್ಸ್ ಹಾಕಿಕೊಳ್ಳುವುದು ಹೇಗೆ ಅಂತ ಕಲಿಸುತ್ತಿದ್ದರು. ಸುಕ್ಕು ಉಳಿದರೆ ಬೊಬ್ಬೆ, ಬೊಬ್ಬೆ ಬಂದರೆ ಆಟ ಇಲ್ಲ.

ನೀವೂ ಒಂದು ಮ್ಯಾಚ್ ಹಾಗೇ ಕೂತು ಕೇಳಿ. "ಬಲಗಡೆ ನೋಡು", "ಮೊದಲು ಬೆನ್ನು ಕೊಡು" ಅಂತ ಕಿರುಚುತ್ತಿದ್ದಾರಾ? ಗಂಟಲು ದೊಡ್ಡದು, ಕೋಚ್ ಒಳ್ಳೆಯವರು. "ಏನೋ ಮಾಡ್ತಿದ್ದೀಯ ಅಲ್ಲಿ!" ಅಂತ ಮಾತ್ರ ಕಿರುಚುತ್ತಿದ್ದರೆ ಮಗುವಿಗೆ ಅದರಲ್ಲಿ ಸಿಗುವ ಮಾಹಿತಿ ಸೊನ್ನೆ. ಮುಂದಿನ ಸಲ ಅವನು ರಿಂಗ್ ನೋಡಲ್ಲ, ಕೋಚ್ ಮುಖ ನೋಡುತ್ತಾನೆ. ಅಪ್ಪಂದಿರಿಗೂ ಇದೇ ಮಾತು, ಗ್ಯಾಲರಿಯಲ್ಲಿ ನಿಂತು "ಹೊಡಿಯೋ" ಅಂತ ಕೂಗುವವರಿಗೆ.

ಪ್ರಶ್ನೆ (ಒಬ್ಬ ರೈತರು, ಮಾನ್ವಿ): ಮಗನಿಗೆ 13, ಒಳ್ಳೆ ಎತ್ತರ ಇದ್ದಾನೆ. ಬೆಂಗಳೂರಿಗೆ ಕಳಿಸಿ ಅಂತಾರೆ. ತೋರಣಗಲ್ಲಿನಲ್ಲಿ ದೊಡ್ಡ ಕ್ರೀಡಾ ಸಂಸ್ಥೆ ಇದೆಯಂತಲ್ಲ, ಅಲ್ಲಿ ಆಗುತ್ತಾ?

ತೋರಣಗಲ್ಲು ಹತ್ತಿರದ ವಿಜಯನಗರ ಟೌನ್‌ಶಿಪ್‌ನಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಲ್ಲಿ ಶುರುವಾಯಿತು. ಅದು ಹೆಸರು ಮಾಡಿರುವುದು ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್‌ನಂಥ ಆಟಗಳಲ್ಲಿ. ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಮಾಡಿದ್ದಾರೆ. ಬಾಸ್ಕೆಟ್‌ಬಾಲ್ ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋಗಬೇಡಿ.

ದೂರ ಕಳಿಸುವುದರ ಬಗ್ಗೆ ಸತ್ನಾಮ್ ಸಿಂಗ್ ಕಥೆ ಕೇಳಿ. ಪಂಜಾಬಿನ ಬಲ್ಲೋಕೆ ಅನ್ನುವ ಹಳ್ಳಿ, ನಿಮ್ಮ ಹಾಗೇ ಒಕ್ಕಲು ಮನೆ. ಚಿಕ್ಕವನಿದ್ದಾಗಲೇ ಲೂಧಿಯಾನದ ಅಕಾಡೆಮಿಗೆ ಬಂದ. ಅಲ್ಲಿ ಎಸ್. ಸುಬ್ರಮಣಿಯನ್ ಅನ್ನುವ ಕೋಚ್ ಕೈಯಲ್ಲಿ ತಯಾರಾದ. 2010ರಲ್ಲಿ, ಇಂಗ್ಲಿಷ್ ಬಾರದ ಹುಡುಗ, ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಫ್ಲೋರಿಡಾಕ್ಕೆ ಹೋದ. 2015ರಲ್ಲಿ ಡಲ್ಲಾಸ್ ಟೀಮ್ 52ನೇ ಆಯ್ಕೆಯಾಗಿ ತಗೊಂಡಿತು, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಭಾರತದಲ್ಲಿ ಹುಟ್ಟಿದ ಮೊದಲಿಗ. ಆದರೆ ಮುಖ್ಯ ಲೀಗ್‌ನಲ್ಲಿ ಅವನಿಗೆ ಒಂದು ಮ್ಯಾಚೂ ಆಡೋಕೆ ಸಿಗಲಿಲ್ಲ. ಪೇಪರಿನವರು ಇದರಲ್ಲಿ ಮೊದಲರ್ಧ ಮಾತ್ರ ಬರೆಯುತ್ತಾರೆ, ಮಗನನ್ನು ಕಳಿಸುವವರಿಗೆ ಎರಡನೇ ಅರ್ಧವೂ ಗೊತ್ತಿರಬೇಕು. ಏಳು ಅಡಿ ಎರಡು ಇಂಚಿನ ಹುಡುಗನನ್ನು ಇಷ್ಟು ದೂರ ತಂದಿದ್ದು ಒಬ್ಬರ ನಂತರ ಒಬ್ಬರು ಕೈಹಿಡಿದ ಕೋಚ್‌ಗಳು. ಅಷ್ಟಾದರೂ ಬಾಗಿಲ ಆಚೆ ಜಾಗ ಇಷ್ಟೇ.

ನನ್ನ ಸಲಹೆ: 13ಕ್ಕೆ ಅವಸರ ಬೇಡ, ಆದರೆ ಬಾಗಿಲು ಮುಚ್ಚಬೇಡಿ. ರಾಯಚೂರಿನಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ, ಕ್ರೀಡಾ ಹಾಸ್ಟೆಲ್ ಆಯ್ಕೆ ಯಾವಾಗ, ಅದರಲ್ಲಿ ಬಾಸ್ಕೆಟ್‌ಬಾಲ್ ಯಾವ ಊರಲ್ಲಿದೆ ಅಂತ ಕೇಳಿ. ಖಾಸಗಿ ಅಕಾಡೆಮಿ ಆದರೆ ದುಡ್ಡು ಕಟ್ಟುವ ಮುಂಚೆ ಒಂದು ದಿನ ಸುಮ್ನೆ ಮೂಲೆಯಲ್ಲಿ ಕೂತು ಪ್ರಾಕ್ಟೀಸ್ ನೋಡಿ. ಮೊದಲ ಐದು ಜನರನ್ನು ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಹನ್ನೆರಡನೇ ಹುಡುಗನಿಗೆ ಆ ಕೋಚ್ ಏನು ಕಲಿಸುತ್ತಿದ್ದಾರೆ ಅಂತ ಗಮನಿಸಿ, ಯಾಕಂದರೆ ಹೊಸದಾಗಿ ಹೋದಾಗ ನಿಮ್ಮ ಮಗನೇ ಹನ್ನೆರಡನೆಯವನು. ಗಾಯ ಆದರೆ ಯಾರು ನೋಡುತ್ತಾರೆ, ಶಾಲೆಗೆ ಎಷ್ಟು ಹೊತ್ತು ಬಿಡುತ್ತಾರೆ ಅಂತಲೂ ಕೇಳಿ. ಈ ಪ್ರಶ್ನೆಗೆ ಸಿಟ್ಟಾಗುವ ಕಡೆ ಕಳಿಸಬೇಡಿ.

ಪ್ರಶ್ನೆ (ಎಂಟನೇ ಕ್ಲಾಸ್, ದೇವದುರ್ಗ): ಫ್ರೀ ಥ್ರೋ ಹೊಡೆಯೋ ಮುಂಚೆ ಬಾಲ್ ಎಷ್ಟು ಸಲ ಬಡೀಬೇಕು?

ನಿನಗೆ ಎಷ್ಟು ಇಷ್ಟವೋ ಅಷ್ಟು, ಆದರೆ ದಿನಾ ಅಷ್ಟೇ ಸಲ. ರೆಫರಿ ಬಾಲ್ ಕೊಟ್ಟ ಮೇಲೆ ಐದು ಸೆಕೆಂಡ್ ಒಳಗೆ ಶಾಟ್ ಹೋಗಬೇಕು ಅನ್ನೋದು ಮಾತ್ರ ನೆನಪಿರಲಿ.